ದೂರವಾಣಿ ಜಾಲದ ದುರುಪಯೋಗವೂ ಸಂಖ್ಯಾಶಾಸ್ತ್ರದ ಶೋಧನೆಯೂ: ಒಂದು ವಿಮರ್ಶೆ

ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಸಂಶೋಧನೆಗೆಂದು ಆರಿಸಿಕೊಳ್ಳುತ್ತಿರುವ ವಿಷಯಗಳಲ್ಲಿ ಮೊಬೈಲ್ ದೂರವಾಣಿ ಜಾಲದ ದುರುಪಯೋಗವನ್ನು ಕಂಡುಹಿಡಿಯುವ ವಿಧಾನಗಳೂ ಸೇರಿವೆ. ವಿಷಯವು ಆಕರ್ಷಕವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಅಂಕಿಗಳು ಹೇರಳ, ಗಣಕಯಂತ್ರದ ನೆರವು ಸುಲಭ, ಫಲವು ಲೋಕೋಪಯೋಗಿ. ಹೀಗಿದ್ದರೂ ಇಂಥ ಸಂಶೋಧನೆಯ ಬೆಲೆಯನ್ನು ಕಟ್ಟುವಲ್ಲಿ ನಾವು ಸಾಮಾನ್ಯವಾಗಿ ಬಳಸುತ್ತಿರುವ ಅಳತೆಗೋಲು ಸರಿಯಾದುದೇ ಎಂಬ ಪ್ರಶ್ನೆ ಉಳಿದೇ ಇದೆ. ಈ ಬರಹದಲ್ಲಿ ನಾವು ಯಾವೊಬ್ಬ ವಿದ್ಯಾರ್ಥಿಯ ನಿಬಂಧವನ್ನೂ ಪರಿಶೀಲನೆಗೆ ತೆಗೆದುಕೊಂಡಿಲ್ಲ. ಅಂಥ ನಿಬಂಧಗಳು ಆಧಾರವಾಗಿ ಹಿಡಿಯುವ ಪ್ರಸಿದ್ಧ ಪ್ರಬಂಧಗಳನ್ನೂ ವಿಧಾನಗಳನ್ನೂ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದ ನೆಲದ ಮೇಲೆ ನಿಲ್ಲಿಸಿ ನೋಡುವುದು ನಮ್ಮ ಉದ್ದೇಶ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಈ ಉಪವಿಭಾಗಕ್ಕೆ ಸೇರಿವೆ. ನಾಲೆಯ ಸೀಮೆಯೂ ಮಳೆಯಾಶ್ರಯದ ಸೀಮೆಯೂ, ಯಾತ್ರಾಸ್ಥಳಗಳೂ, ಊರು ಬಿಟ್ಟು ದುಡಿಯಹೋದವರ ಹಳ್ಳಿಗಳೂ ಒಟ್ಟಿಗೆ ಇರುವ ಈ ಪ್ರದೇಶವು ಪರೀಕ್ಷೆಗೆ ತಕ್ಕದ್ದೆಂದು ನಮಗೆ ತೋರಿತು.

ದುರುಪಯೋಗವೆಂಬ ಮಾತಿನ ಅರ್ಥವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೇರೊಬ್ಬರ ಹೆಸರಿನಲ್ಲಿ, ಇಲ್ಲವೆ ಹುಸಿ ದಾಖಲೆಯ ಮೇಲೆ, ಸಿಮ್ ಪಡೆಯುವುದು ಒಂದು ಬಗೆ. ವಿದೇಶದಿಂದ ಅಂತರ್ಜಾಲದ ಮೂಲಕ ಬಂದ ಕರೆಗಳನ್ನು ಇಲ್ಲಿಯ ಸಿಮ್ಮುಗಳಿಂದ ಸ್ಥಳೀಯ ಕರೆಗಳಂತೆ ಹೊರಗೆ ಬಿಡುವುದು ಇನ್ನೊಂದು. ಇದಕ್ಕೆ ಬಳಸುವ ಯಂತ್ರಕ್ಕೆ ಸಿಮ್ ಬಾಕ್ಸ್ ಎಂದು ಹೆಸರು. ಇದರಿಂದ ವಿದೇಶೀ ಕರೆಯ ಶುಲ್ಕವೂ ತಪ್ಪುತ್ತದೆ, ಕರೆದವನ ನೆಲೆಯೂ ಮರೆಯಾಗುತ್ತದೆ. ವಂಚನೆಗಾಗಿ ಸಾವಿರಾರು ಜನರಿಗೆ ಕರೆ ಮಾಡುವುದು ಮೂರನೆಯದು. ಈ ಮೂರರ ಲಕ್ಷಣಗಳೂ ಒಂದೇ ಅಲ್ಲ. ಮೂರನ್ನೂ ಒಂದೇ ಹೆಸರಿನಡಿ ಕಲಸಿ, ಒಂದೇ ಸೂತ್ರದಿಂದ ಹಿಡಿಯಹೊರಡುವ ನಿಬಂಧವು ಆರಂಭದಲ್ಲಿಯೇ ಸಡಿಲವಾಗುತ್ತದೆ.

ಈ ವಿಷಯದ ಬರಹಗಳಲ್ಲಿ ಟಾಮ್ ಫಾಸೆಟ್ ಮತ್ತು ಫಾಸ್ಟರ್ ಪ್ರೊವೋಸ್ಟ್ ಎಂಬವರು 1997ರಲ್ಲಿ ಪ್ರಕಟಿಸಿದ ಪ್ರಬಂಧವು ಇಂದಿಗೂ ಮಾದರಿಯೆನಿಸಿದೆ. ನ್ಯೂಯಾರ್ಕ್ ಸುತ್ತಣ ಮೊಬೈಲ್ ಕರೆಗಳು ಅವರ ಸಾಮಗ್ರಿ. ಆ ಕಾಲದ ಅಮೆರಿಕದ ಫೋನುಗಳು ತಮ್ಮ ಗುರುತಿನ ಸಂಖ್ಯೆಗಳನ್ನು ಗಾಳಿಯಲ್ಲಿ ಮುಚ್ಚುಮರೆಯಿಲ್ಲದೆ ಸಾರುತ್ತಿದ್ದುದರಿಂದ, ಕಳ್ಳನು ಅವನ್ನು ಹಿಡಿದು ಮತ್ತೊಂದು ಫೋನಿಗೆ ನಕಲು ಮಾಡಿಕೊಳ್ಳಬಹುದಾಗಿತ್ತು. ಒಬ್ಬ ಚಂದಾದಾರನ ಲೆಕ್ಕದಲ್ಲಿಯೇ ಅವನ ಕರೆಗಳೂ ಕಳ್ಳನ ಕರೆಗಳೂ ಬೆರೆತು ಬರುತ್ತಿದ್ದವು. ಇದರ ಪರಿಹಾರಕ್ಕೆ ಲೇಖಕರು ಹಿಡಿದ ದಾರಿ ಮೆಚ್ಚತಕ್ಕದ್ದು. ಮೊದಲು ಕಳ್ಳತನವನ್ನು ಸೂಚಿಸುವ ನಿಯಮಗಳನ್ನು ಅಂಕಿಗಳಿಂದಲೇ ಕಲಿತು, ಆಮೇಲೆ ಪ್ರತಿಯೊಬ್ಬ ಚಂದಾದಾರನ ರೂಢಿಯನ್ನು ಅವನ ಹಿಂದಿನ ರೂಢಿಯೊಡನೆಯೇ ಹೋಲಿಸುತ್ತಾರೆ. ಅವರು ಉದಾಹರಿಸುವ ನಿಯಮವೊಂದು ಹೀಗಿದೆ: ರಾತ್ರಿಯ ವೇಳೆಯಲ್ಲಿ, ಬ್ರಾಂಕ್ಸ್ ಎಂಬ ಭಾಗದಿಂದ ಹೊರಟ ಕರೆಯು ಕಳ್ಳಕರೆಯಾಗಿರುವ ಸಂಭವ ಹೆಚ್ಚು. ಬ್ರಾಂಕ್ಸಿನಲ್ಲಿಯೇ ವಾಸವಾಗಿದ್ದು ರಾತ್ರಿ ಕರೆ ಮಾಡುವ ಪ್ರಾಮಾಣಿಕನಿಗೆ ಇದರಿಂದ ಅನ್ಯಾಯವಾದೀತೆಂಬುದನ್ನು ಲೇಖಕರು ಬಲ್ಲರು. ಆದ್ದರಿಂದಲೇ ಅವನವನ ರೂಢಿಯೊಡನೆ ಹೋಲಿಸುವ ಎರಡನೆಯ ಹೆಜ್ಜೆಯನ್ನು ಇಟ್ಟಿದ್ದಾರೆ. ಆದರೆ ಈ ಪ್ರಬಂಧವನ್ನು ಅನುಸರಿಸಿ ಬರೆಯುವವರು ಅನೇಕವೇಳೆ ಮೊದಲ ಹೆಜ್ಜೆಯನ್ನು ಮಾತ್ರ ತೆಗೆದುಕೊಂಡು ಎರಡನೆಯದನ್ನು ಕೈಬಿಡುತ್ತಾರೆ.

ಇದೇ ಪ್ರಬಂಧದಲ್ಲಿ ವೆಚ್ಚದ ಲೆಕ್ಕವೂ ಬರುತ್ತದೆ. ಕಳ್ಳತನದ ಮಾತಿಗೆ ನಿಮಿಷಕ್ಕೆ 40 ಸೆಂಟು ನಷ್ಟವೆಂದೂ, ಒಂದು ಸುಳ್ಳು ಎಚ್ಚರಿಕೆಗೆ 5 ಡಾಲರು ವೆಚ್ಚವೆಂದೂ ಹಿಡಿಯಲಾಗಿದೆ. ತಪ್ಪುಗಳಿಗೆ ಬೆಲೆ ಕಟ್ಟಿ ನೋಡಬೇಕೆಂಬ ಈ ಪದ್ಧತಿ ಬರಿಯ ಶೇಕಡಾವಾರು ಯಶಸ್ಸನ್ನು ಹೇಳುವುದಕ್ಕಿಂತ ಎಷ್ಟೋ ಮೇಲು. ಆದರೂ ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಆ 5 ಡಾಲರು ಯಾರ ವೆಚ್ಚ? ಎಚ್ಚರಿಕೆಯನ್ನು ಪರಿಶೀಲಿಸುವ ಕಂಪೆನಿಯ ನೌಕರನ ಕಾಲದ ಬೆಲೆ ಅದು. ಸಂದೇಹಕ್ಕೆ ಗುರಿಯಾದ ಚಂದಾದಾರನಿಗಾಗುವ ನಷ್ಟಕ್ಕೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ಬ್ಯಾಂಕಿನ ವ್ಯವಹಾರ, ಪಡಿತರ, ಸರಕಾರದ ಸಹಾಯಧನ ಎಲ್ಲಕ್ಕೂ ಮೊಬೈಲಿಗೆ ಬರುವ ಗುಪ್ತಸಂಖ್ಯೆಯೇ ಬೀಗದ ಕೈಯಾಗಿರುವ ಇಂದಿನ ದಿನದಲ್ಲಿ, ಕಿಕ್ಕೇರಿಯ ಕಡೆಯ ಒಬ್ಬ ರೈತನ ಸಿಮ್ಮು ಒಂದು ವಾರ ಮೂಕವಾದರೆ ಆಗುವ ನಷ್ಟವನ್ನು ಪರಿಶೀಲಕನ ಸಂಬಳದಿಂದ ಅಳೆಯಲಾಗದು. ನಮ್ಮ ವಿದ್ಯಾರ್ಥಿಗಳು ಆ ಅಂಕಿಯನ್ನು ರೂಪಾಯಿಗೆ ಪರಿವರ್ತಿಸಿ ಹಾಗೆಯೇ ಬಳಸಿದರೆ ಅದು ಅನುಕರಣೆಯೇ ಹೊರತು ಸಂಶೋಧನೆಯಲ್ಲ.

ರಿಚರ್ಡ್ ಬೋಲ್ಟನ್ ಮತ್ತು ಡೇವಿಡ್ ಹ್ಯಾಂಡ್ 2002ರಲ್ಲಿ ‘ಸ್ಟ್ಯಾಟಿಸ್ಟಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಬರೆದ ಸಮೀಕ್ಷೆಯು ಈ ದೃಷ್ಟಿಯಿಂದ ಹೆಚ್ಚು ಎಚ್ಚರದ್ದು. ಸಂಖ್ಯಾಶಾಸ್ತ್ರವು ತನ್ನಷ್ಟಕ್ಕೆ ವಂಚನೆಯನ್ನು ಸಾಧಿಸಿ ತೋರಿಸಲಾರದು, ಶಂಕೆಯ ಒಂದು ಅಂಕವನ್ನು ಮಾತ್ರ ಕೊಡಬಲ್ಲದು ಎಂಬುದು ಅವರ ನಿಲುವು. ಈ ಕ್ಷೇತ್ರದಲ್ಲಿ ಅಂಕಿಗಳೂ ವಿಧಾನಗಳೂ ಗುಟ್ಟಾಗಿ ಉಳಿಯುವುದರಿಂದ ವಿಚಾರವಿನಿಮಯಕ್ಕೆ ಅಡ್ಡಿಯಾಗಿದೆಯೆಂದೂ ಅವರು ಹೇಳಿದ್ದಾರೆ. ಅದು ಇಂದಿಗೂ ನಿಜ.

ಇನ್ನು ನಮ್ಮ ದೇಶದ ಸಂಗತಿಗೆ ಬರೋಣ. ಇಲ್ಲಿ ಮೊಬೈಲ್ ಸೇವೆ 1995ರಲ್ಲಿ ಆರಂಭವಾದಾಗಲೇ ಗುಪ್ತಕೀಲಿಯುಳ್ಳ ಸಿಮ್ಮಿನ ಪದ್ಧತಿ ಬಂದುದರಿಂದ, ನ್ಯೂಯಾರ್ಕಿನ ನಕಲು ಫೋನಿನ ಪಿಡುಗು ಆ ರೂಪದಲ್ಲಿ ನಮ್ಮನ್ನು ಕಾಡಲಿಲ್ಲ. ನಮ್ಮ ಮುಖ್ಯ ಸಮಸ್ಯೆ ಹುಸಿ ಹೆಸರಿನ ಸಿಮ್ಮು. ಕೇಂದ್ರ ದೂರಸಂಪರ್ಕ ಇಲಾಖೆಯು ಚಂದಾದಾರರ ಭಾವಚಿತ್ರಗಳನ್ನು ಯಂತ್ರದಿಂದ ಹೋಲಿಸಿ, ಒಂದೇ ಮುಖವು ಬೇರೆ ಬೇರೆ ಹೆಸರುಗಳಲ್ಲಿ ಕಾಣಿಸಿಕೊಂಡಿರುವುದನ್ನು ಹುಡುಕುವ ‘ಅಸ್ತ್ರ’ ಎಂಬ ವ್ಯವಸ್ಥೆಯನ್ನು ರಚಿಸಿತು. 2023ರ ಮೇ ತಿಂಗಳಲ್ಲಿ ‘ಸಂಚಾರ್ ಸಾಥಿ’ ತಾಣವನ್ನು ತೆರೆದಾಗ ಸರಕಾರವು ಪ್ರಕಟಿಸಿದ ಅಂಕಿಗಳಿವು: 87 ಕೋಟಿಗೂ ಹೆಚ್ಚು ಸಂಪರ್ಕಗಳ ಪರಿಶೀಲನೆ, 40 ಲಕ್ಷಕ್ಕೂ ಹೆಚ್ಚು ಶಂಕಾಸ್ಪದ, ವಿಚಾರಣೆಯ ಮೇಲೆ 36 ಲಕ್ಷಕ್ಕೂ ಹೆಚ್ಚು ಸಂಪರ್ಕಗಳ ರದ್ದು. ಇದು ಕರೆಗಳ ರೂಢಿಯನ್ನು ಅಳೆಯುವ ವಿಧಾನವಲ್ಲ, ಮುಖಗಳನ್ನು ಹೋಲಿಸುವ ವಿಧಾನ. ಆದರೂ ಅದರಿಂದ ನಮಗೆ ಬಹು ಮುಖ್ಯವಾದ ಒಂದು ತಿಳಿವು ಸಿಗುತ್ತದೆ. ಶಂಕಿತರ ಪ್ರಮಾಣ ಸಾವಿರಕ್ಕೆ ನಾಲ್ಕೂವರೆಯ ಆಸುಪಾಸಿನದು.

ಈ ಪ್ರಮಾಣವನ್ನು ಮುಂದಿಟ್ಟುಕೊಂಡು ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡಬಹುದು. ನಮ್ಮ ನಾಲ್ಕು ತಾಲ್ಲೂಕುಗಳಿಂದ 1,00,000 ಸಂಪರ್ಕಗಳನ್ನು ತೆಗೆದುಕೊಂಡೆವೆನ್ನೋಣ. ಸಾವಿರಕ್ಕೆ 5ರಂತೆ ಅವುಗಳಲ್ಲಿ 500 ಮಾತ್ರ ದುರುಪಯೋಗದವು. ವಿದ್ಯಾರ್ಥಿಯ ಸೂತ್ರವು ನೂರು ದುಷ್ಟರಲ್ಲಿ 95 ಮಂದಿಯನ್ನು ಹಿಡಿಯುತ್ತದೆ, ನೂರು ಪ್ರಾಮಾಣಿಕರಲ್ಲಿ 95 ಮಂದಿಯನ್ನು ಬಿಡುತ್ತದೆ. ಆಗ ಸಿಕ್ಕಿಬೀಳುವ ದುಷ್ಟರು 475. ಅವರೊಡನೆ ಸಿಕ್ಕಿಬೀಳುವ ಪ್ರಾಮಾಣಿಕರು 99,500ರಲ್ಲಿ ಶೇಕಡ 5, ಅಂದರೆ 4,975. ಒಟ್ಟು 5,450 ಶಂಕಿತರಲ್ಲಿ ನಿಜವಾದವರು ಹನ್ನೊಂದು ಹನ್ನೆರಡು ಜನಕ್ಕೆ ಒಬ್ಬರು. ಸೂತ್ರವನ್ನು ಶೇಕಡ 99ರಷ್ಟು ಹರಿತ ಮಾಡಿದರೂ 495 ದುಷ್ಟರೊಡನೆ 995 ಪ್ರಾಮಾಣಿಕರು ಬಂಧಿತರಾಗುತ್ತಾರೆ. ಮೂವರಲ್ಲಿ ಒಬ್ಬನು ಮಾತ್ರ ತಪ್ಪಿತಸ್ಥ. ಇಷ್ಟಕ್ಕೂ, ಯಾರನ್ನೂ ಶಂಕಿಸದೆ ಎಲ್ಲರೂ ಪ್ರಾಮಾಣಿಕರೆಂದು ಕೈಕಟ್ಟಿ ಕೂರುವ ಸೂತ್ರವು ಇದೇ ಲೆಕ್ಕದಲ್ಲಿ ಶೇಕಡ 99.5ರಷ್ಟು ‘ನಿಖರ’ವಾದುದು! ಬೇಯ್ಸನ ಪ್ರಮೇಯವನ್ನು ಪದವಿ ತರಗತಿಯಲ್ಲಿಯೇ ಕಲಿಯುವ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಆದರೂ ನಿಬಂಧದ ಸಾರಾಂಶವನ್ನು ಬರೆಯುವಾಗ ಪ್ರಮೇಯ ಮರೆತುಹೋಗಿ ಶೇಕಡಾವಾರು ನಿಖರತೆಯೊಂದೇ ನೆನಪಿನಲ್ಲಿ ಉಳಿಯುವುದು ಸೋಜಿಗ.

ಪರೀಕ್ಷೆಯು ಒಂದೇ ಸಲ ನಡೆಯುವುದೂ ಅಲ್ಲ. ದಿನಕ್ಕೊಮ್ಮೆ ನಡೆಸಿ, ಪ್ರತಿ ಸಲವೂ ಪ್ರಾಮಾಣಿಕರಲ್ಲಿ ಶೇಕಡ 1ರಷ್ಟು ಮಂದಿಯನ್ನು ತಪ್ಪಾಗಿ ಹಿಡಿಯುವುದೆಂದರೆ, ದಿನದಿನದ ಫಲಗಳು ಪರಸ್ಪರ ಸ್ವತಂತ್ರವೆಂದು ಒಪ್ಪಿದ ಪಕ್ಷದಲ್ಲಿ, 30 ದಿನಗಳಲ್ಲಿ ನೂರಕ್ಕೆ 26 ಪ್ರಾಮಾಣಿಕರು ಒಮ್ಮೆಯಾದರೂ ಶಂಕಿತರಾಗುತ್ತಾರೆ. ವಾಸ್ತವದಲ್ಲಿ ದಿನಗಳು ಸ್ವತಂತ್ರವಲ್ಲ. ಒಮ್ಮೆ ಶಂಕೆಗೆ ಸಿಕ್ಕಿದವನೇ ಮತ್ತೆ ಮತ್ತೆ ಸಿಕ್ಕುತ್ತಾನೆ. ಹೀಗೆ ಸಿಕ್ಕಿಬೀಳುವ ಪ್ರಾಮಾಣಿಕರು ಯಾರು ಎಂಬ ಪ್ರಶ್ನೆಗೆ ಉತ್ತರವು ಊರಿನಲ್ಲಿದೆ.

ಅಸಾಮಾನ್ಯವಾದುದನ್ನು ಅಳೆಯಲು ನಮ್ಮ ಶಾಸ್ತ್ರದಲ್ಲಿರುವ ಮುಖ್ಯ ಉಪಕರಣ ಮಹಲನೋಬಿಸರು 1936ರಲ್ಲಿ ಪೂರ್ಣರೂಪದಲ್ಲಿ ನಿರೂಪಿಸಿದ ದೂರದ ಅಳತೆ. ಅನೇಕ ಲಕ್ಷಣಗಳನ್ನು ಅವುಗಳ ಪರಸ್ಪರ ಸಂಬಂಧವನ್ನೂ ಗಣಿಸಿ ಒಟ್ಟಿಗೆ ಅಳೆಯುವ ಈ ಕ್ರಮವನ್ನು, ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಕೇಂಬ್ರಿಜ್‌ನಲ್ಲಿ ಸುಡಾನಿನ ಜೆಬೆಲ್ ಮೋಯಾದ ಪುರಾತನ ಅಸ್ಥಿಗಳ ಅಧ್ಯಯನಕ್ಕೆ ಬಳಸಿದುದು ಪ್ರಸಿದ್ಧವಾಗಿದೆ. ಅಲ್ಲಿ ಪ್ರಶ್ನೆಯಿದ್ದುದು ಗುಂಪಿನಿಂದ ಗುಂಪಿಗೆ ಎಷ್ಟು ದೂರವೆಂಬುದು. ಈಗಿನ ನಿಬಂಧಗಳು ಅದೇ ಅಳತೆಯನ್ನು ಹಿಡಿದು, ಎಲ್ಲ ಚಂದಾದಾರರಿಗೂ ಒಂದೇ ಕೇಂದ್ರವನ್ನು ಕಲ್ಪಿಸಿ, ಅದರಿಂದ ದೂರವಿರುವವನನ್ನು ಶಂಕಿಸುತ್ತವೆ. ದೂರವಿರುವುದು ದೋಷವೆಂಬ ಈ ಊಹೆಯನ್ನು ಮಹಲನೋಬಿಸರಾಗಲಿ ರಾಯರಾಗಲಿ ನಮಗೆ ಕೊಟ್ಟಿಲ್ಲ.

ಸಿಮ್ ಬಾಕ್ಸಿನ ಲಕ್ಷಣಗಳೆಂದು ಸಾಮಾನ್ಯವಾಗಿ ಪಟ್ಟಿ ಮಾಡುವುವು ಇವು: ಒಂದೇ ಟವರಿನ ವ್ಯಾಪ್ತಿಯಿಂದ ಕದಲದಿರುವುದು, ಹೊರಹೋಗುವ ಕರೆಗಳು ಬಹಳವಾಗಿ ಒಳಬರುವ ಕರೆಗಳು ವಿರಳವಾಗಿರುವುದು, ಕರೆದ ಸಂಖ್ಯೆಗಳು ಮತ್ತೆ ಮತ್ತೆ ಬರದೆ ಹೊಸಹೊಸವಾಗಿರುವುದು, ಸಂದೇಶವನ್ನಾಗಲಿ ಅಂತರ್ಜಾಲವನ್ನಾಗಲಿ ಬಳಸದಿರುವುದು. ಬೆಂಗಳೂರಿನಲ್ಲಿ ಕುಳಿತು ಓದಿದರೆ ಇವೆಲ್ಲ ಸರಿಯಾಗಿಯೇ ತೋರುತ್ತವೆ. ನಗರದಲ್ಲಿ ಒಂದು ಮೈಲಿ ನಡೆದರೆ ಟವರು ಬದಲಾಗುತ್ತದೆ. ನಾಗಮಂಗಲದ ಬಯಲಿನಲ್ಲಿ ಒಂದೇ ಟವರು ಹಲವು ಹಳ್ಳಿಗಳನ್ನು ಆವರಿಸಿರಬಹುದು. ಬೆಳಗಿನಿಂದ ಸಂಜೆಯವರೆಗೆ ಹೊಲ, ಡೇರಿ, ಸಂತೆ ಎಲ್ಲವನ್ನೂ ಸುತ್ತಿದವನೂ ದಾಖಲೆಯಲ್ಲಿ ಕದಲದವನೇ. ಕಬ್ಬಿನ ಕಟಾವಿನ ಕಾಲದಲ್ಲಿ ಪಾಂಡವಪುರದ ಕಡೆ ಆಳುಗಳನ್ನು ಒದಗಿಸುವ ಮೇಸ್ತ್ರಿಯೊಬ್ಬನು ದಿನವೆಲ್ಲ ಹೊಸಬರಿಗೆ ಕರೆ ಮಾಡುತ್ತಲೇ ಇರುತ್ತಾನೆ. ಕಟಾವು ಮುಗಿದ ಮೇಲೆ ಆ ಸಂಖ್ಯೆಗಳಿಗೆ ಮತ್ತೆ ಕರೆ ಹೋಗುವುದಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿವಿಸರ್ಜನೆ ಮಾಡಿಸುವ ಪುರೋಹಿತರಿಗೂ ಯಜಮಾನರಿಗೂ ನಡುವಣ ಮಾತು ಬಹುಮಟ್ಟಿಗೆ ಒಂದು ಕರ್ಮಕ್ಕೆ ಸೀಮಿತವಾದದ್ದು. ಎಲ್ಲೆಲ್ಲಿಯದೋ ಅಪರಿಚಿತ ಸಂಖ್ಯೆಗಳು ಒಂದೆರಡು ದಿನ ಕಾಣಿಸಿಕೊಂಡು ಮರೆಯಾಗುತ್ತವೆ. ಸೂತ್ರದ ಕಣ್ಣಿಗೆ ಇವರೆಲ್ಲ ಕೇಂದ್ರದಿಂದ ದೂರದವರು.

ಇವರೆಲ್ಲರಿಗಿಂತಲೂ ಸ್ವಾರಸ್ಯವಾದದ್ದು ಕೊಳವೆಬಾವಿಯ ಮೋಟಾರಿಗೆ ಜೋಡಿಸಿದ ಸಿಮ್ಮು. ಮೊಬೈಲ್ ಸ್ಟಾರ್ಟರ್ ಎಂಬ ಈ ಪೆಟ್ಟಿಗೆಗೆ ರೈತನು ಮನೆಯಿಂದಲೇ ಕರೆ ಮಾಡಿ, ತ್ರೀಫೇಸ್ ಕರೆಂಟು ಬಂದ ಹೊತ್ತಿಗೆ, ಅದು ನಡುರಾತ್ರಿಯಾದರೂ, ಪಂಪು ಹೂಡುತ್ತಾನೆ. ಈ ಸಿಮ್ಮು ಎಂದಿಗೂ ಕದಲುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರವಾಗುತ್ತದೆ, ಅದರ ಹಿಂದೆ ಮಾತನಾಡುವ ಮನುಷ್ಯನಿಲ್ಲ. ಯಂತ್ರದಂತೆ ನಡೆದುಕೊಳ್ಳುವ ಸಂಪರ್ಕವನ್ನು ಹಿಡಿಯಬೇಕೆಂಬ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಬೇಟೆ ಇನ್ನೊಂದಿಲ್ಲ. ಯಂತ್ರವೆಂಬುದೂ ನಿಜವೇ. ಕಳ್ಳತನ ಮಾತ್ರ ಇಲ್ಲ.

ಬ್ರಾಂಕ್ಸಿನ ನಿಯಮವನ್ನು ಇಲ್ಲಿಗೆ ತಂದರೆ ಏನಾದೀತೆಂಬುದನ್ನು ಮೇಲುಕೋಟೆಯಲ್ಲಿ ನೋಡಬಹುದು. ವೈರಮುಡಿ ಉತ್ಸವವು ರಾತ್ರಿಯ ಉತ್ಸವ. ಕಿರೀಟವು ಮಂಡ್ಯದ ಖಜಾನೆಯಿಂದ ಮೆರವಣಿಗೆಯಲ್ಲಿ ಬರುತ್ತದೆ, ಜನವು ಅದಕ್ಕಾಗಿ ಬೆಟ್ಟದ ಮೇಲೆ ಕಾದಿರುತ್ತದೆ. ಸಣ್ಣ ಊರಿನ ಟವರುಗಳಿಗೆ ಆ ಒಂದು ರಾತ್ರಿ ಬೀಳುವ ಹೊರೆ ಬೇರೆ ದಿನಗಳದರಂತಲ್ಲ. ರಾತ್ರಿ, ಅಪರಿಚಿತ ಸ್ಥಳ, ರೂಢಿಗೆ ಮೀರಿದ ಕರೆಗಳು: ಮೂರು ಗುರುತುಗಳೂ ಕೂಡಿದುವು. ಇಂಥ ದಿನಗಳ ಪಟ್ಟಿ ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಸೂತ್ರದಲ್ಲಿ ಪಂಚಾಂಗಕ್ಕೆ ಎಡೆಯಿಲ್ಲ, ಅಷ್ಟೆ.

ಅವನವನ ರೂಢಿಯೊಡನೆ ಹೋಲಿಸುವ ಎರಡನೆಯ ಹೆಜ್ಜೆಯಾದರೂ ನಮ್ಮನ್ನು ಕಾಪಾಡೀತೇ ಎಂದರೆ, ಕೃಷ್ಣರಾಜಪೇಟೆಯ ಅನುಭವವು ಬೇರೊಂದನ್ನು ಹೇಳುತ್ತದೆ. ಈ ತಾಲ್ಲೂಕಿನಿಂದ ಮುಂಬಯಿಗೆ ದುಡಿಯಹೋದವರು ಬಹಳ. 2020ರ ಮೇ ತಿಂಗಳಲ್ಲಿ ಕೋವಿಡ್ ಕಾರಣದಿಂದ ಅವರಲ್ಲಿ ಅನೇಕರು ಊರಿಗೆ ಮರಳಿದುದೂ, ಜಿಲ್ಲೆಯಲ್ಲಿ ರೋಗಿಗಳ ಸಂಖ್ಯೆ ಅದರಿಂದ ಏರಿದುದೂ ವಾಚಕರಿಗೆ ನೆನಪಿರಬಹುದು. ಮುಂಬಯಿಯ ಸಿಮ್ಮು ವಾರಗಟ್ಟಲೆ ಹಳ್ಳಿಯ ಟವರಿನಲ್ಲಿ ನಿಂತಿತು. ಹೋಟೆಲಿನ ಕರೆಗಳು ನಿಂತು ಆಸ್ಪತ್ರೆಯ, ಕಚೇರಿಯ, ನೆಂಟರ ಕರೆಗಳು ಮೊದಲಾದುವು. ಒಬ್ಬನ ರೂಢಿ ಹಠಾತ್ತನೆ ಬದಲಾಗುವುದೇ ದುರುಪಯೋಗದ ಚಿಹ್ನೆಯಾದರೆ, ಆ ತಿಂಗಳಲ್ಲಿ ಸಂಕಟದಲ್ಲಿದ್ದವರೆಲ್ಲರೂ ದುರುಪಯೋಗಿಗಳು. ಸಂಕಟವೂ ವಂಚನೆಯೂ ಕರೆಯ ದಾಖಲೆಯಲ್ಲಿ ಒಂದೇ ಬಗೆಯಾಗಿ ಕಾಣುತ್ತವೆಂಬುದನ್ನು ಈ ವಿಷಯದ ಯಾವ ನಿಬಂಧವೂ ಮರೆಯಬಾರದು.

ಸಾಮಗ್ರಿಯ ವಿಚಾರವಾಗಿಯೂ ಒಂದೆರಡು ಮಾತು ಅವಶ್ಯ. ಕಂಪೆನಿಗಳ ನಿಜವಾದ ದಾಖಲೆಗಳು ವಿದ್ಯಾರ್ಥಿಗಳ ಕೈಗೆ ಸಿಗುವುದು ದುರ್ಲಭವಾದುದರಿಂದ ಕೃತಕವಾಗಿ ಸೃಷ್ಟಿಸಿದ ಅಂಕಿಗಳನ್ನು ಬಳಸುವುದುಂಟು. ದುರುಪಯೋಗದ ಕರೆಗಳಿಗೆ ಇಂಥ ಲಕ್ಷಣವಿರಲೆಂದು ತಾನೇ ನಿಶ್ಚಯಿಸಿ, ಅದೇ ಲಕ್ಷಣದಿಂದ ಅವನ್ನು ಹಿಡಿದೆನೆಂದು ಹೇಳುವುದು, ತಾನೇ ಬಚ್ಚಿಟ್ಟ ಪಾವಲಿಯನ್ನು ತಾನೇ ಹುಡುಕಿ ಹಿಗ್ಗಿದಂತೆ. ಇನ್ನು ಕೆಲವರು ನಿಜವಾದ ಅಂಕಿಗಳಲ್ಲಿ ವಿರಳವಾಗಿರುವ ದುಷ್ಟರ ಸಂಖ್ಯೆಯನ್ನು ಕೃತಕವಾಗಿ ಹೆಚ್ಚಿಸಿ ಸಮಮಾಡುತ್ತಾರೆ. ಅದು ಕಲಿಕೆಯ ಭಾಗಕ್ಕೆ ಮಾತ್ರ ಸಲ್ಲಬೇಕು. ಮೊದಲು ಹೆಚ್ಚಿಸಿ ಆಮೇಲೆ ಕಲಿಕೆಗೂ ಪರೀಕ್ಷೆಗೂ ಹಂಚಿದರೆ, ಪರೀಕ್ಷೆಯ ಪ್ರಶ್ನೆಗಳನ್ನು ಮುಂಚಿತವಾಗಿಯೇ ಓದಿಸಿದ ಹಾಗಾಗುತ್ತದೆ. ದುಷ್ಟನೆಂಬ ಹಣೆಪಟ್ಟಿಯೂ ಸಿಕ್ಕಿಬಿದ್ದವರಿಗೆ ಮಾತ್ರ ಬೀಳುವಂಥದು. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಒಂದೇ ವೇಳೆಗೆ 960 ಸಿಮ್ಮುಗಳನ್ನು ಹೂಡಬಲ್ಲ ಯಂತ್ರಗಳನ್ನು ಪೋಲೀಸರು ವಶಪಡಿಸಿಕೊಂಡುದು ಸೈನ್ಯದ ಗುಪ್ತಚರ ವಿಭಾಗದ ಸುಳಿವಿನ ನೆರವಿನಿಂದ. ಸುಳಿವು ಸಿಕ್ಕದ ಜಾಲಗಳು ನಮ್ಮ ಸಾಮಗ್ರಿಯಲ್ಲಿ ‘ಪ್ರಾಮಾಣಿಕ’ವೆಂಬ ಹೆಸರಿನಡಿಯಲ್ಲಿಯೇ ಕುಳಿತಿರುತ್ತವೆ.

ದಾಖಲೆಯ ಒಡೆತನದ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಕ್ಕೆ ಹೊರಗಿನದೆಂದು ಬಿಡುವ ರೂಢಿಯಿದೆ. ಶ್ರೀರಂಗಪಟ್ಟಣವನ್ನು ಹೆಸರಿಸಿದ ಮೇಲೆ ನಾವು ಹಾಗೆ ಬಿಡಲಾರೆವು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಇಲ್ಲಿಂದಲೇ ವ್ಯವಸ್ಥಿತವಾದ ಮೈಸೂರು ಅಂಚೆಯು ಓಲೆಗಳನ್ನು ಒಯ್ಯುವುದರ ಜೊತೆಗೆ ಸೀಮೆಯ ಗುಟ್ಟುಗಳನ್ನು ಅರಮನೆಗೆ ತಲಪಿಸುವ ಸಾಧನವೂ ಆಗಿತ್ತೆಂದೂ, ಹೈದರನ ಕಾಲಕ್ಕೆ ಅದು ಭಯಂಕರವಾಯಿತೆಂದೂ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ವಿಲ್ಕ್ಸನು ಆಂಗ್ಲರ ಪಕ್ಷದವನೆಂಬುದನ್ನು ಗಮನದಲ್ಲಿಟ್ಟು ಓದಿದರೂ, ಸುದ್ದಿಯ ಜಾಲವನ್ನು ಕಾಯುವವನೇ ಅದರ ದುರುಪಯೋಗಿಯಾಗಬಹುದೆಂಬ ಮಾತು ನಿಲ್ಲುತ್ತದೆ. 2021ರ ಡಿಸೆಂಬರಿನಿಂದ ಕಂಪೆನಿಗಳು ಕರೆಗಳ ವಿವರವನ್ನು ಕನಿಷ್ಠ ಎರಡು ವರ್ಷ ಕಾಪಾಡಬೇಕೆಂಬ ನಿಯಮವಿದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪಿತ್ತುದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ದುರುಪಯೋಗವೆಂಬ ಮಾತಿಗೆ ವ್ಯಾಖ್ಯೆ ಕೊಡುವ ನಿಬಂಧಗಳು ಚಂದಾದಾರನ ತಪ್ಪನ್ನು ಮಾತ್ರ ಎಣಿಸದೆ ದಾಖಲೆ ಹಿಡಿದವನ ತಪ್ಪನ್ನೂ ಎಣಿಸಿದರೆ ವ್ಯಾಖ್ಯೆ ಪೂರ್ಣವಾದೀತು.

ಹಾಗಾದರೆ ವಿದ್ಯಾರ್ಥಿಯು ಮಾಡಬಹುದಾದುದೇನು? ಪ್ರತಿಯೊಂದು ಸಂಪರ್ಕವನ್ನೂ ದುಷ್ಟ ಅಥವಾ ಶಿಷ್ಟ ಎಂದು ಎರಡೇ ರಾಶಿಗೆ ಹಾಕಬೇಕೆಂಬ ಹಟವನ್ನು ಮೊದಲು ಬಿಡಬೇಕು. ನಿರ್ಣಯವನ್ನು ತಡೆಹಿಡಿಯುವ ಮೂರನೆಯ ರಾಶಿಗೆ ಗಣಿತದ ಆಧಾರವನ್ನು ಚೌ ಎಂಬವರು 1970ರಲ್ಲಿಯೇ ಒದಗಿಸಿದ್ದಾರೆ. ಎರಡನೆಯದಾಗಿ, ಸೂತ್ರದ ತಪ್ಪುಗಳನ್ನು ನಾಲ್ಕು ತಾಲ್ಲೂಕುಗಳಿಗೂ ಬೇರೆಬೇರೆಯಾಗಿ ಎಣಿಸಿ ತೋರಿಸಬೇಕು. ಸರಾಸರಿಯ ಮರೆಯಲ್ಲಿ ನಾಗಮಂಗಲವು ಅಡಗಬಾರದು.

ಸುಳ್ಳು ಎಚ್ಚರಿಕೆಯ ಪ್ರಮಾಣವನ್ನು ಅಳೆಯುವುದಕ್ಕೆ ಕಂಪೆನಿಯ ಗುಟ್ಟಿನ ಕಡತವೂ ಬೇಕಾಗಿಲ್ಲ. ದುಷ್ಟರನ್ನು ಹುಡುಕುವುದು ಕಷ್ಟ, ಪ್ರಾಮಾಣಿಕರು ಎಲ್ಲೆಲ್ಲಿಯೂ ಇದ್ದಾರೆ. ಹಳ್ಳಿಗಳ ಮನೆಪಟ್ಟಿಯಿಂದ ಚೀಟಿ ಎತ್ತಿ, ಒಪ್ಪಿದವರನ್ನು ಮಾತ್ರ ಸೇರಿಸಿಕೊಂಡು, ಒಪ್ಪದವರೆಷ್ಟು ಮಂದಿಯೆಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಹೊರಹೋದ ಕರೆಗಳ ವಿವರಪಟ್ಟಿಯನ್ನು ಚಂದಾದಾರನು ತಾನೇ ಕಂಪೆನಿಯಿಂದ ಕೇಳಿ ಪಡೆಯಬಹುದು. ಬಂದ ಕರೆಗಳ ವಿವರ ಅವನ ಫೋನಿನಲ್ಲಿಯೇ ಇರುತ್ತದೆ. ಮೇಸ್ತ್ರಿ, ಪುರೋಹಿತ, ಡೇರಿಯ ಕಾರ್ಯದರ್ಶಿ, ಆಶಾ ಕಾರ್ಯಕರ್ತೆ, ಮೋಟಾರಿನ ಸಿಮ್ಮಿನ ಒಡೆಯ, ಇವರನ್ನು ಪ್ರತ್ಯೇಕವಾದ ಒಂದು ವರ್ಗವಾಗಿ ಆರಿಸಿಕೊಂಡು ಅದರ ಫಲವನ್ನು ಬೇರೆಯಾಗಿ ಹೇಳಬೇಕು. ತಾಲ್ಲೂಕಿಗೆ 75ರಂತೆ 300 ಪ್ರಾಮಾಣಿಕ ಸಂಪರ್ಕಗಳ ಮೇಲೆ ಸೂತ್ರವನ್ನು ಹರಿಸಿ, ಒಂದೂ ಶಂಕೆಗೆ ಸಿಕ್ಕದಿದ್ದರೆ, ಮೂರರ ನಿಯಮದಂತೆ ಸುಳ್ಳು ಎಚ್ಚರಿಕೆಯ ಪ್ರಮಾಣವು ಶೇಕಡ 1ಕ್ಕೆ ಮೀರದೆಂದು ಶೇಕಡ 95ರ ವಿಶ್ವಾಸದಿಂದ ಹೇಳಬಹುದು. ಒಂದೊಂದು ತಾಲ್ಲೂಕಿಗೆ ಪ್ರತ್ಯೇಕವಾಗಿ ಹೇಳಬಹುದಾದುದು ಶೇಕಡ 4ಕ್ಕೆ ಮೀರದೆಂದು ಮಾತ್ರ. ತಾಲ್ಲೂಕುವಾರು ಶೇಕಡ 1ರ ಮಿತಿ ಬೇಕೆಂದರೆ 1,200 ಮನೆಗಳ ಬಾಗಿಲಿಗೆ ಹೋಗಬೇಕಾಗುತ್ತದೆ. ಇಬ್ಬರು ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು. ವೈರಮುಡಿಯೂ ಅದೇ ಬೇಸಗೆಯ ಆರಂಭದಲ್ಲಿ ಬರುವುದರಿಂದ, ಆ ರಾತ್ರಿಯ ಕರೆಗಳೂ ಲೆಕ್ಕಕ್ಕೆ ಸಿಕ್ಕುತ್ತವೆ.